ಹದಿನೇಳನೇ ಕೋಣೆಯ ಕೆಂಪು ದಾರ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೀರಿನಂಚಿನ ಈ ವಿಹಾರಧಾಮಕ್ಕೆ ರಜೆ ಕಳೆಯಲು ಬಂದವರೆಲ್ಲ ಮುಸುಕೆಳೆದು ಮಲಗಿದ್ದಾರೆ. ದಾರದಕ್ಕ ಮಾತ್ರ ಒಗೆದ ಚಾದರಗಳನ್ನು ಎದೆಗವುಚಿಕೊಂಡು ಉಗ್ರಾಣದ ಗೋಡೆಯ ಮುಂದೆ ನಿಂತು ಹದಿನೇಳನೇ ಕೋಣೆಯ ಬೀಗದ ಕೈ ತೆಗೆಯುತ್ತಿದ್ದಾರೆ. ಇವತ್ತು ಆ ಕೋಣೆಗೆ ಹನ್ನೊಂದು ದಿಂಬು ಬೇಕು. "ಇರೋದು ಎಂಟು. ನನ್ನ ದಿಂಬು ಸೇರಿಸಿದ್ರೆ ಒಂಬತ್ತು. ಇನ್ನೆರಡು ಎಲ್ಲಿಂದಾದ್ರೂ ಹಾರಿಸ್ಕೊಂಡು ಬರ್ತೀನಿ ಬಿಡಿ," ಎಂದು ನಗುತ್ತಾರೆ.

ಇಪ್ಪತ್ತಾರು ವರ್ಷಗಳಿಂದ ಇಲ್ಲಿನ ಇಪ್ಪತ್ನಾಲ್ಕು ಕೋಣೆಗಳ ಹಾಸಿಗೆ ಹಾಸುತ್ತಿರುವುದು ಇವರೇ. ಗಂಡ ತೀರಿಕೊಂಡಾಗ ಕಂಕುಳಲ್ಲಿ ಮಗಳನ್ನೆತ್ತಿಕೊಂಡು ಬಂದವರು. ಓದಿದ್ದು ಏಳನೇ ತರಗತಿ. ಆದರೂ ಇಲ್ಲಿ ಟೈಮ್‌ಶೇರ್ ಕೊಳ್ಳಲು ಬರುವ ಜಾಣರು ಮೊದಲು ಇವರನ್ನೇ ಹುಡುಕುತ್ತಾರೆ.

ಒಂದೊಂದು ಕೋಣೆಯಲ್ಲೂ ಹತ್ತಾರು ಕುಟುಂಬಗಳಿಗೆ ಪಾಲು, ವರ್ಷಕ್ಕೆ ಒಂದೊಂದು ವಾರ. ಬೇಡವಾದವರು ತಮ್ಮ ವಾರವನ್ನು ಮಾರುತ್ತಾರೆ. ಕೊಳ್ಳುವವರು ಕಿಟಕಿಯಾಚೆಯ ನೀರು ನೋಡಿ ಮರುಳಾಗುತ್ತಾರೆಯೇ ಹೊರತು ಕೈಗೆ ಬರುವ ಹಕ್ಕು ಎಂಥದ್ದೆಂದು ಕೇಳುವುದಿಲ್ಲ. ಅಂಥವರಿಗೆ ಉತ್ತರ ಉಗ್ರಾಣದ ಈ ಗೋಡೆಯಲ್ಲಿದೆ. ಕೋಣೆಗೊಂದು ಮೊಳೆ, ಕುಟುಂಬಕ್ಕೊಂದು ದಾರ. ಕೆಂಪಾದರೆ ಕ್ರಯಪತ್ರವಿರುವ ಸ್ವಂತ ಪಾಲು, ವಾರವೂ ಖಾಯಂ. ಹಳದಿಯಾದರೆ ಪಾಲು ಸ್ವಂತದ್ದೇ, ಆದರೆ ಯಾವ ವಾರ ಎಂಬುದು ಪ್ರತಿವರ್ಷ ಮೊದಲು ಕೇಳಿದವರ ಅದೃಷ್ಟ. ನೀಲಿಯಾದರೆ ಇಂತಿಷ್ಟು ವರ್ಷ ಬಳಸುವ ಹಕ್ಕು ಮಾತ್ರ. ಉಳಿದ ವರ್ಷಕ್ಕೊಂದರಂತೆ ಗಂಟು. ಪ್ರತಿವರ್ಷ ಗುಮಾಸ್ತರು ಪಟ್ಟಿ ಓದುತ್ತಾರೆ, ಇವರು ಒಂದೊಂದು ಗಂಟು ಬಿಚ್ಚುತ್ತಾರೆ.

"ಹೋದ ವರ್ಷ ಇದೇ ವಾರ ಬಂದವರಲ್ವಾ ಅಂತ ಒಂದ್ಸಲ ಹಳದಿಯವರಿಗೆ ಕೀ ಕೊಟ್ಟುಬಿಟ್ಟೆ. ಸಂಜೆ ಕೆಂಪಿನವರು ಪೆಟ್ಟಿಗೆ ಸಮೇತ ಬಂದು ನಿಂತ್ರು. ಎರಡು ಸಂಸಾರ, ಒಂದು ಬಾಗಿಲು! ಅವತ್ತೇ ದಾರದುಂಡೆ ತಂದೆ," ಎನ್ನುತ್ತಾರೆ. ದಾರದಕ್ಕ ಎಂಬ ಹೆಸರು ಬಿದ್ದದ್ದೂ ಆಮೇಲೆಯೇ.

ಹೋದ ವರ್ಷ ಶಾಲಾ ಬಸ್ಸಿನ ನಿವೃತ್ತ ಚಾಲಕರೊಬ್ಬರು ಹೆಂಡತಿಯೊಡನೆ ಬಂದಿದ್ದರು. ಮೂವರು ಹೆಣ್ಣುಮಕ್ಕಳು ಮೂರು ದಿಕ್ಕಿನಲ್ಲಿ. ಮೊಮ್ಮಕ್ಕಳ ಶಾಲೆಗೆ ರಜೆಯಿರುವ ಆ ಒಂದು ವಾರವಾದರೂ ಎಲ್ಲರೂ ಒಂದೇ ಸೂರಿನಡಿ ಇರಬೇಕೆಂಬುದು ತಾಯಿಯ ಆಸೆ. ಒಂಬತ್ತನೇ ಕೋಣೆಯ ಆ ವಾರ ಮಾರುತ್ತಿದ್ದಾತ "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದು ನಿಮ್ಮದೇ" ಎಂದು ಬೆಣ್ಣೆ ಹಚ್ಚುತ್ತಿದ್ದ. ಚಾಲಕರು ಪೆನ್ನು ತೆಗೆದೂ ಆಗಿತ್ತು.

ಅಲ್ಲೇ ನೆಲ ಒರೆಸುತ್ತಿದ್ದ ದಾರದಕ್ಕನಿಗೆ ತಡೆಯಲಾಗಲಿಲ್ಲ. "ಅಣ್ಣಾ, ಸಹಿ ಆಮೇಲೆ ಹಾಕಿ. ಒಂದು ಗಳಿಗೆ ನನ್ನ ಗೋಡೆ ನೋಡಿ ಬನ್ನಿ."

ಒಂಬತ್ತನೇ ಮೊಳೆಯಲ್ಲಿ ಆತನದು ನೀಲಿ ದಾರ. ಎರಡೇ ಗಂಟು, ಎರಡೇ ವರ್ಷ.

"ಅಯ್ಯೋ, ಚಿಕ್ಕ ಮೊಮ್ಮಗಳು ಈಜು ಕಲಿಯೋಷ್ಟರಲ್ಲಿ ಮುಗಿದೇ ಹೋಗುತ್ತಲ್ರೀ!" ಎಂದರು ಚಾಲಕರ ಹೆಂಡತಿ. ಮಾರಲು ಬಂದವನ ಮುಖ ಹುಳ್ಳಗಾಯಿತು.

ಅದೇ ರಜೆಯ ವಾರಕ್ಕೆ ಹದಿನೇಳನೇ ಕೋಣೆಯಲ್ಲಿ ಕೆಂಪು ದಾರವೊಂದಿತ್ತು. ಅದರ ಯಜಮಾನರೂ ಮಾರುವ ಮನಸ್ಸಿನಲ್ಲಿದ್ದರು. "ನನ್ನ ದಾರ ನಂಬ್ಕೊಂಡು ಕೊಳ್ಳಬೇಡಿ, ಕ್ರಯಪತ್ರ ಯಾರ ಹೆಸರಲ್ಲಿದೆ ಅಂತ ನೋಂದಣಿ ಕಚೇರೀಲಿ ನೋಡಿಸಿ," ಎಂದು ದಾರದಕ್ಕ ಕಡ್ಡಿ ಮುರಿದಂತೆ ಹೇಳಿದರು. ಚಾಲಕರು ನೋಡಿಸಿದರು, ಕೊಂಡರು.

ಆ ವಾರ ಇವತ್ತಿನಿಂದ ಶುರು. ಒಂಬತ್ತು ಗಂಟೆಗೆಲ್ಲ ಮೂರು ಕಾರು ಬಂದು ನಿಲ್ಲುತ್ತವೆ. ಅಕ್ಕತಂಗಿಯರು ಇಳಿದವರೇ ಒಬ್ಬರನ್ನೊಬ್ಬರು ತಬ್ಬಿಕೊಂಡು, ಮಂಚ ಯಾರಿಗೆ, ನೆಲ ಯಾರಿಗೆ ಎಂದು ಜಗಳವನ್ನೂ ತೆಗೆಯುತ್ತಾರೆ. ಅಜ್ಜಿ ದಾರದಕ್ಕನ ಕೈ ಹಿಡಿದು ಜಗುಲಿಯಲ್ಲಿ ಕೂರಿಸಿಕೊಳ್ಳುತ್ತಾರೆ. "ಮುಂದಿನ ವರ್ಷ ನೀನೂ ನಮ್ಮ ಜೊತೆ ಇಲ್ಲೇ ಇರಬೇಕು ನೋಡು, ಕೆಲಸಕ್ಕಲ್ಲ."

ದಾರದಕ್ಕನ ಕಣ್ಣು ತುಂಬುತ್ತದೆ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. "ಬರ್ತೀನಮ್ಮ, ಖಂಡಿತ ಬರ್ತೀನಿ. ಆದ್ರೆ ಹಾಸಿಗೆ ನಾನೇ ಹಾಸ್ತೀನಿ. ಬೇರೆಯವರು ಹಾಸಿದ್ರಲ್ಲಿ ನಂಗೆ ನಿದ್ದೆ ಹತ್ತಲ್ಲ."