ಹಾಲಿಲ್ಲದ ಅಡುಗೆಯ ಪುಸ್ತಕ

ಈಗ ಅದಕ್ಕೆ ವೀಗನ್ ಅಂತಾರಂತೆ. ಮೊನ್ನೆ ನನ್ನ ತಂಗಿಯ ಮೊಮ್ಮಗಳು ಬಣ್ಣಬಣ್ಣದ ಪುಸ್ತಕವೊಂದನ್ನು ತಂದು ನನ್ನ ಮಡಿಲಲ್ಲಿಟ್ಟು, "ಅಜ್ಜಿ, ಹಾಲು, ಮೊಸರು, ತುಪ್ಪ ಏನೂ ಇಲ್ದೆ ಅಡುಗೆ ಮಾಡೋದು ಇದರಲ್ಲಿ ಹೇಳ್ಕೊಟ್ಟಿದಾರೆ, ಗೊತ್ತಾ?" ಅಂದಳು. ಗೊತ್ತು ಕಣೇ, ನಿಮ್ಮಮ್ಮ ಹುಟ್ಟೋದಕ್ಕೂ ಮುಂಚೆ ಅಂಥಾ ಪುಸ್ತಕ ಇಟ್ಕೊಂಡು ಜಯನಗರದಲ್ಲಿ ಅಡುಗೆ ಮಾಡಿದೋಳು ನಾನು ಅನ್ನೋಣ ಅಂತ ಬಾಯಿವರೆಗೂ ಬಂತು. ಅನ್ನಲಿಲ್ಲ. ಅಂದರೆ ಯಾಕೆ ಅಂತ ಕೇಳ್ತಾಳೆ, ಕೇಳಿದರೆ ಮಗುವಿನ ವಿಷಯ ಹೇಳಬೇಕಾಗುತ್ತೆ. ಎದುರಿಗೆ ಕೂತು ಹೇಳೋದಕ್ಕಿಂತ ಬರೆದುಬಿಡೋದು ಸುಲಭ.

ಅರವತ್ತನೇ ಇಸವಿ ಆಸುಪಾಸು ಅದು. ಆಗಿನ ಜಯನಗರ ಅಂದರೆ ಏನು ಮಹಾ, ನಮ್ಮನೆ ದಾಟಿದರೆ ನಾಲ್ಕು ಖಾಲಿ ಸೈಟು, ಅದರಾಚೆ ರಾಗಿ ಹೊಲ. ಮನೆಯಲ್ಲಿ ಮೂರೇ ಜನ: ನಮ್ಮನೆಯವರು, ನಮ್ಮತ್ತೆ, ನಾನು. ನಾಲ್ಕು ತಿಂಗಳು ಹನ್ನೊಂದು ದಿನ ಮಾತ್ರ ನಾಲ್ಕು ಜನ ಇದ್ದೆವು. ಹೆಣ್ಣುಮಗು. ಮೂರು ದಿನ ಜ್ವರ ಬಂತು, ನಾಲ್ಕನೇ ದಿನ ಬೆಳಿಗ್ಗೆ ಇಲ್ಲ.

ನಾನು ಅಳಲಿಲ್ಲ. ನೋಡೋಕೆ ಬಂದವರೆಲ್ಲ ನನ್ನ ಮುಖ ನೋಡೋರು, ಇವಳು ಯಾವಾಗ ಅಳ್ತಾಳೋ ಅಂತ. "ಅತ್ತುಬಿಡೇ, ಹಗುರಾಗುತ್ತೆ" ಅಂತ ನಮ್ಮತ್ತೆ ದಿನಾ ಹೇಳೋರು. ಅಳು ಬಂದರೆ ತಾನೆ ಅಳೋದು? ದುಃಖ ಅಂತಲೂ ಅನ್ನಿಸ್ತಿರಲಿಲ್ಲ, ಏನೂ ಅನ್ನಿಸ್ತಿರಲಿಲ್ಲ. ಆದರೆ ಮೈಗೆ ಏನು ಗೊತ್ತು? ಹೊತ್ತು ಹೊತ್ತಿಗೆ ಸರಿಯಾಗಿ ಎದೆಯಲ್ಲಿ ಹಾಲು ತುಂಬಿಕೊಂಡು ಕಲ್ಲಾಗೋದು, ರವಿಕೆ ತೊಯ್ದುಹೋಗೋದು. ಹಾಲು ಬತ್ತಲಿ ಅಂತ ನಮ್ಮತ್ತೆ ಮೊಳಗಟ್ಟಲೆ ಮಲ್ಲಿಗೆ ಹೂವು ತರಿಸಿ ಎದೆಗೆ ಇಟ್ಟು ಬಟ್ಟೆ ಬಿಗಿದರು. ಐದಾರು ದಿನಕ್ಕೆ ಬತ್ತಿತು. ಆಮೇಲೆ ನಾನು ಮಲ್ಲಿಗೆ ಮುಡಿಯಲಿಲ್ಲ.

ನಮ್ಮನೆಯವರು ಮೂರನೇ ದಿನಕ್ಕೆ ಫ್ಯಾಕ್ಟರಿಗೆ ಹೊರಟರು. ಅಲ್ಲಿ ಯಂತ್ರಗಳ ನಕ್ಷೆ ಬರೆಯೋ ಕೆಲಸ ಅವರದು. ಮಾತು ಕಡಿಮೆ, ಎಲ್ಲಾ ಅಚ್ಚುಕಟ್ಟು. ಪೆನ್ಸಿಲ್ಲನ್ನು ಕೂಡ ಬ್ಲೇಡಿನಲ್ಲಿ ಸೂಜಿ ಹಾಗೆ ಚೂಪು ಮಾಡೋರು. ಆವತ್ತೂ ತಲೆ ಬಾಚಿಕೊಂಡು, ಊಟದ ಕ್ಯಾರಿಯರ್ ಹಿಡಿದು, ಸೈಕಲ್ ಹತ್ತಿದರು. ಇವರಿಗೆ ಕರುಳು ಅನ್ನೋದೇ ಇಲ್ಲ ಅಂದುಕೊಂಡೆ ನಾನು. ನನಗೂ ಏನೂ ಅನ್ನಿಸ್ತಿರಲಿಲ್ಲ ನಿಜ, ಆದರೆ ಅವರ ಮೇಲೆ ಸಿಟ್ಟು ಮಾತ್ರ ಚೆನ್ನಾಗಿ ಬರ್ತಿತ್ತು.

ಆಗ ಹಾಲಿನವನು ಹಸುವನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರಿಗೇ ಕರೆದು ಕೊಡೋನು. ನೀರು ಬೆರೆಸಿಲ್ಲ ಅಂತ ನಮಗೆ ನಂಬಿಕೆ. ಸಾರಕ್ಕಿ ಕಡೆಯಿಂದ ಬರ್ತಿದ್ದ ಅವನ ಹಸುವಿನ ಕರು ಆ ತಿಂಗಳೇ ಸತ್ತಿತ್ತು. ಕರು ಇಲ್ಲದೆ ಹಸು ಹಾಲು ಇಳಿಸಲ್ಲ ಅಂತ ಆ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹೊಲಿದು, ಹೆಗಲ ಮೇಲೆ ಹೊತ್ತು ತಂದಿದ್ದ. ತಂದು ಹಸುವಿನ ಮುಂದೆ ನಿಲ್ಲಿಸಿದ. ಕಣ್ಣಿರಬೇಕಾದ ಕಡೆ ಎರಡು ತೂತು. ಹಸು ಅದನ್ನ ಮೂಸಿತು. ಆಮೇಲೆ ನೆಕ್ಕೋಕೆ ಶುರುಮಾಡಿತು. ನೆಕ್ತಾ ನೆಕ್ತಾ ಹಾಲು ಇಳಿಸಿತು. ಅವನು ಕೆಳಗೆ ಕೂತು ಸೊರ್ ಸೊರ್ ಅಂತ ಕರೆದ. ನಾನು ಪಾತ್ರೆ ಹಿಡಿದುಕೊಂಡು ನಿಂತಿದ್ದೆ.

ಒಳಗೆ ಬಂದು ಹಾಲು ಒಲೆ ಮೇಲಿಟ್ಟೆ. ಉಕ್ಕಿತು, ಒಲೆಯೆಲ್ಲ ಆಯಿತು, ಸೀದು ಹೋಯಿತು. ನೋಡ್ತಾನೇ ಇದ್ದೆ, ಇಳಿಸಲಿಲ್ಲ. ನಮ್ಮತ್ತೆ ಓಡಿ ಬಂದು, "ಅಯ್ಯೋ, ಮೂಗು ಕಟ್ಟಿದೆಯೇನೇ ನಿಂಗೆ?" ಅಂತ ಬೈದರು. "ಅಮ್ಮ, ನಾಳೆಯಿಂದ ನಾನು ಹಾಲು ಮುಟ್ಟಲ್ಲ. ಕಾಯಿಸೋದೂ ಇಲ್ಲ, ಕುಡಿಯೋದೂ ಇಲ್ಲ" ಅಂದೆ. ಅವರು ಸೀದ ಪಾತ್ರೆ ಇಳಿಸಿ ಒಲೆ ಒರೆಸಿದರು. ಆಮೇಲೆ, "ಆಯ್ತಮ್ಮ, ನನ್ನ ಹಾಲು ನಾನೇ ಕಾಯಿಸ್ಕೋತೀನಿ. ಈ ವಯಸ್ಸಲ್ಲಿ ಕಾಫಿ ಬಿಡೋಕೆ ನನ್ನ ಕೈಲಾಗಲ್ಲ" ಅಂದರು. ಬಾಯಿ ಜೋರು, ಮನಸ್ಸು ಕೆಟ್ಟದಲ್ಲ.

ಬರೀ ಸಾರನ್ನ ತಿಂದುಕೊಂಡು ಒಂದು ವಾರ ಕಳೆದೆ. ಮೊಸರನ್ನ ಇಲ್ಲದೆ ನಮ್ಮ ಕಡೆಯವರಿಗೆ ಊಟ ಮುಗಿದ ಹಾಗೇ ಆಗಲ್ಲ. ಎಲೆ ಮುಂದೆ ಸುಮ್ಮನೆ ಕೂತಿರ್ತಿದ್ದೆ. ಒಂದು ಶನಿವಾರ ನಮ್ಮನೆಯವರು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಿಂದ ಒಂದು ಪುಸ್ತಕ ತಂದು ಅಡುಗೆಮನೆ ಗೂಡಿನಲ್ಲಿಟ್ಟು ಕೈಕಾಲು ತೊಳೆಯೋಕೆ ಹೋದರು. ಇದು ನಿನಗೆ ಅಂತ ಒಂದು ಮಾತಿಲ್ಲ. ರಟ್ಟು ಕಿತ್ತುಹೋಗಿತ್ತು. ಯಾರೋ ಪ್ರಕೃತಿ ಚಿಕಿತ್ಸೆಯವರು ಬರೆದದ್ದು, ಹಾಲು, ತುಪ್ಪ, ಮೊಸರು, ಬೆಣ್ಣೆ ಯಾವುದೂ ಇಲ್ಲದ ಅಡುಗೆಗಳು. ಮುನ್ನುಡಿಯಲ್ಲಿ, ಹಾಲು ಕರುವಿಗೆ ಸೇರಿದ್ದು, ಮನುಷ್ಯರಿಗಲ್ಲ ಅಂತಿತ್ತು. ನನಗೆ ಆ ಉಪದೇಶ ಏನೂ ಬೇಕಿರಲಿಲ್ಲ. ಮಾಡೋಕೆ ಒಂದು ಕೆಲಸ ಬೇಕಿತ್ತು.

ಮೊದಲು ಮಾಡಿದ್ದು ಕಡಲೆಕಾಯಿ ಬೀಜದ ಹಾಲು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ಒರಳಿನಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಬೇಕು. ಬೆಳ್ಳಗೆ ನೋಡೋಕೇನೋ ಹಾಲೇ. ಡಿಕಾಕ್ಷನ್ನಿಗೆ ಬೆರೆಸಿದರೆ ಬೂದಿ ಬಣ್ಣ ಬಂತು. ನಮ್ಮತ್ತೆ ಒಂದು ಗುಟುಕು ಕುಡಿದು, "ಇದೇನೇ ಇದು, ಕಾಫೀನೋ ಕಲಗಚ್ಚೋ? ಹಸುವಿಗೆ ಇಟ್ರೂ ಮೂತಿ ತಿರುಗಿಸುತ್ತೆ" ಅಂದರು. ನಮ್ಮನೆಯವರು ಲೋಟ ಖಾಲಿ ಮಾಡಿ, "ಪರವಾಗಿಲ್ಲ" ಅಂದರು.

ಅದಾದ ಮೇಲೆ ಮೊಸರು. ಅದೇ ಹಾಲನ್ನು ಕಾಯಿಸಿ, ಉಗುರುಬೆಚ್ಚಗಿರುವಾಗ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಬೇಕು. ಮೊದಲ ದಿನ ಒಡೆದುಹೋಯಿತು. ಎರಡನೇ ದಿನ ಗಬ್ಬುನಾತ. ಮೂರನೇ ದಿನ ಹೆಪ್ಪಾಯಿತು, ಆದರೆ ಎಣ್ಣೆ ವಾಸನೆ. ಶುಂಠಿ, ಇಂಗು, ಒಗ್ಗರಣೆ ಎಲ್ಲಾ ಸುರಿದು ಅನ್ನಕ್ಕೆ ಕಲಸಿದೆ. "ಪರವಾಗಿಲ್ಲ." ಎಳ್ಳಿನ ಬೆಣ್ಣೆ ಅಂತ ಇತ್ತು, ಅದು ಚಟ್ನಿಗಿಂತ ಹೆಚ್ಚೇನಲ್ಲ. "ಪರವಾಗಿಲ್ಲ." ಮಣ್ಣು ಕಲಸಿ ಬಡಿಸಿದ್ದರೂ ಅದನ್ನೇ ಅಂತಿದ್ದರೇನೋ ಆ ಮನುಷ್ಯ! ತೆಂಗಿನಕಾಯಿ ಹಾಲಿನ ಗಸಗಸೆ ಪಾಯಸ ಮಾತ್ರ ನಮ್ಮತ್ತೆ ಎರಡು ಸಲ ಹಾಕಿಸಿಕೊಂಡರು. "ಇದಕ್ಕೆ ಪುಸ್ತಕ ಯಾಕೆ ಬೇಕಿತ್ತು? ನಮ್ಮಮ್ಮನೂ ಹೀಗೇ ಮಾಡೋಳು" ಅಂದರು.

ದಿನಕ್ಕೊಂದು ಪುಟ. ರುಬ್ಬೋದು, ಹಿಂಡೋದು, ಒರಳು ತೊಳೆಯೋದು. ಅಷ್ಟು ಹೊತ್ತು ಕೈ ಓಡ್ತಿತ್ತು, ತಲೆ ಸುಮ್ಮನಿರ್ತಿತ್ತು. ರುಚಿ ನನಗೆ ಗೊತ್ತಾಗ್ತಿರಲಿಲ್ಲ. ಉಪ್ಪು ಸರಿ ಇದೆಯಾ ಅಂತ ನಮ್ಮತ್ತೆಯನ್ನೇ ಕೇಳಬೇಕಾಗ್ತಿತ್ತು.

ಹೀಗೇ ಒಂದು ದಿನ ಪುಸ್ತಕದ ಪರಿವಿಡಿ ನೋಡ್ತಿದ್ದೆ. ಕೊನೆಯ ಸಾಲು: ಎಳೆಯ ಮಕ್ಕಳ ಆಹಾರ. ಯಾಕೆ ಆ ಪುಟ ತೆಗೆಯೋಕೆ ಹೋದೆನೋ ಗೊತ್ತಿಲ್ಲ. ತೆಗೆದರೆ ಅಲ್ಲಿ ಪುಟಗಳೇ ಇಲ್ಲ. ಎರಡು ಹಾಳೆ, ನಾಲ್ಕು ಪುಟ, ಹೊಲಿಗೆ ಹತ್ತಿರ ನೇರವಾಗಿ ಹೋಗಿದ್ದವು. ಸಾಯಂಕಾಲ ನಮ್ಮನೆಯವರು ಬಂದ ತಕ್ಷಣ ಶುರುಮಾಡಿದೆ. "ಏನೂಂದ್ರೆ, ಹರಿದಿರೋ ಪುಸ್ತಕ ತಂದಿದೀರಲ್ಲ, ತಗೊಳ್ಳೋವಾಗ ಬಿಚ್ಚಿ ನೋಡೋಕಾಗಲ್ವಾ? ಕೊನೇಲಿ ನಾಲ್ಕು ಪುಟಾನೇ ಇಲ್ಲ." ಅವರು ಸೈಕಲ್ಲಿಗೆ ಬೀಗ ಹಾಕ್ತಾ ಇದ್ದರು. "ಹಳೇ ಪುಸ್ತಕ ಅಲ್ವಾ" ಅಂದರು, ಅಷ್ಟೇ. ಆ ಪುಟಗಳಲ್ಲಿ ಏನಿತ್ತು ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳೋಳಿದ್ದೆ. ಅದಕ್ಕೂ ಈ ಮನುಷ್ಯನಿಗೆ ಆಸಕ್ತಿ ಇಲ್ಲವಲ್ಲ ಅಂತ ಆವತ್ತು ಪೂರ್ತಿ ಮನಸ್ಸು ಮುರಿಯಿತು.

ದೀಪಾವಳಿಗೆ ತವರಿಗೆ, ತುಮಕೂರಿಗೆ ಹೋದವಳು ಮತ್ತೆ ಬರಬಾರದು ಅಂತ ತೀರ್ಮಾನ ಮಾಡಿದೆ. ಯಾರ ಹತ್ತಿರವೂ ಹೇಳಲಿಲ್ಲ. ಹಬ್ಬಕ್ಕೆ ನಾಲ್ಕು ದಿನಕ್ಕೆ ಅಂತ ಹೇಳಿ ಟ್ರಂಕಿನಲ್ಲಿ ಎಲ್ಲಾ ಸೀರೆ ಇಟ್ಟೆ. ಜಗಳ ಆಡಿ ಹೋಗೋಷ್ಟು ಶಕ್ತಿಯೂ ಇರಲಿಲ್ಲ. ಕಲ್ಲಿನ ಜೊತೆ ಇನ್ನೊಂದು ಕಲ್ಲು ಎಷ್ಟು ದಿನ ಸಂಸಾರ ಮಾಡೋಕಾಗುತ್ತೆ?

ಹೊರಡೋ ಹಿಂದಿನ ದಿನ ಒಂದು ಕೆಲಸ ಬಾಕಿ ಇತ್ತು. ಅಟ್ಟದ ಮೇಲೆ ಒಂದು ಬಿಸ್ಕತ್ತಿನ ತಗಡಿನ ಡಬ್ಬ. ಅದರಲ್ಲಿ ಮಗುವಿನ ರಾಗಿ ಸರಿ ಹಿಟ್ಟಿತ್ತು. ರಾಗಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ಮಲ್ ಬಟ್ಟೆಯಲ್ಲಿ ಜರಡಿ ಹಿಡಿದು ಮಾಡಿದ್ದೆ, ಐದನೇ ತಿಂಗಳಿಗೆ ಬೇಕಾಗುತ್ತೆ ಅಂತ. ಅವಳು ಅದನ್ನ ಮುಟ್ಟಲೇ ಇಲ್ಲ. ಅವಳು ಹೋದ ಮೇಲೆ ಆ ಡಬ್ಬದ ಹತ್ತಿರ ನಾನು ಹೋಗಿರಲಿಲ್ಲ, ನಮ್ಮತ್ತೆಯೂ ಹೋಗಿರಲಿಲ್ಲ. ನಾನಿಲ್ಲದಾಗ ಬೇರೆ ಯಾರೋ ತೆಗೆದು ಚೆಲ್ಲೋದಕ್ಕಿಂತ ನಾನೇ ಹಸುವಿಗೆ ಹಾಕಿಬಿಡೋಣ ಅಂತ ಸ್ಟೂಲ್ ಹಾಕಿಕೊಂಡು ಇಳಿಸಿದೆ.

ಮುಚ್ಚಳ ತೆಗೆದೆ. ಹಿಟ್ಟಿನ ಮೇಲೆ ಮಲ್ ಬಟ್ಟೆ, ನಾನು ಇಟ್ಟ ಹಾಗೇ ಇತ್ತು. ಅದರ ಮೇಲೆ ಮಡಿಸಿದ ಕಾಗದ. ಬಿಚ್ಚಿದೆ. ಎರಡು ಹಾಳೆ, ನಾಲ್ಕು ಪುಟ. ಎಳೆಯ ಮಕ್ಕಳ ಆಹಾರ.

ಅಂಚು ನೋಡಿದೆ. ಸ್ಕೇಲ್ ಇಟ್ಟು ಬ್ಲೇಡಿನಲ್ಲಿ ಕೊಯ್ದದ್ದು, ಒಂದು ನೂಲಿನಷ್ಟೂ ಸೊಟ್ಟ ಇಲ್ಲ. ನಮ್ಮ ಮನೆಯಲ್ಲಿ ಹಾಗೆ ಕೊಯ್ಯೋರು ಒಬ್ಬರೇ. ಪುಸ್ತಕ ಗೂಡಿನಲ್ಲಿಡೋ ಮುಂಚೆಯೇ ಪೂರ್ತಿ ಓದಿದ್ದಾರೆ. ನನ್ನ ಕಣ್ಣಿಗೆ ಬೀಳಬಾರದು ಅಂತ ಆ ಪುಟ ತೆಗೆದಿದ್ದಾರೆ. ಪರಿವಿಡಿಯ ಸಾಲು ಅಳಿಸೋದು ಮರೆತಿದ್ದಾರೆ, ಗಂಡಸರ ಬುದ್ಧಿ. ತೆಗೆದದ್ದನ್ನ ಒಲೆಗೆ ಹಾಕಬಹುದಿತ್ತು. ಹಾಕೋಕೆ ಮನಸ್ಸು ಬಂದಿಲ್ಲ. ಮಗುವಿನದು ಮಗುವಿನ ಡಬ್ಬದಲ್ಲೇ ಇರಲಿ ಅಂತ ಇಟ್ಟಿದ್ದಾರೆ. ನಾನು ಹತ್ತಿರ ಹೋಗದ ಆ ಡಬ್ಬದ ಮುಂದೆ ಅವರೊಬ್ಬರೇ, ನಮಗೆ ಗೊತ್ತಾಗದ ಹಾಗೆ, ಸ್ಟೂಲ್ ಹಾಕಿಕೊಂಡು ನಿಂತಿದ್ದಾರೆ.

ನಾನು ನೆಲದ ಮೇಲೆ ಕೂತು ಆ ನಾಲ್ಕು ಪುಟ ಓದಿದೆ. ಮೊದಲನೆಯದೇ ರಾಗಿ ಸರಿ. ಹಿಟ್ಟಿಗೆ ಹುಳ ಬಿದ್ದಿರಲಿಲ್ಲ, ವಾಸನೆಯೂ ಕೆಟ್ಟಿರಲಿಲ್ಲ. ಸಾಯಂಕಾಲ ಐದೂವರೆಗೆ ಸೈಕಲ್ ಗಂಟೆ ಕೇಳಿದ ಮೇಲೆ ಸ್ಟೌ ಹಚ್ಚಿದೆ. ಪುಟದಲ್ಲಿದ್ದ ಹಾಗೇ, ಒಂದು ಚಮಚ ಹಿಟ್ಟು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ, ಕುದಿಯೋ ನೀರಿಗೆ ಬಿಟ್ಟು, ಹೊಳಪು ಬರೋವರೆಗೂ ಕೈಬಿಡದೆ ತಿರುವಿದೆ. ಬೆಳ್ಳಿ ಬಟ್ಟಲು ಇತ್ತು, ಅವಳಿಗೆ ಅಂತ ನಮ್ಮ ತಂದೆ ಕೊಟ್ಟದ್ದು. ಅದಕ್ಕೆ ಹಾಕಿ, ಆರಿಸಿ, ಚಿಕ್ಕ ಚಮಚ ಇಟ್ಟು ತಂದು ಅವರ ಮುಂದಿಟ್ಟೆ.

ಅವರು ಬಟ್ಟಲು ನೋಡಿದರು. ನನ್ನ ಮುಖ ನೋಡಲಿಲ್ಲ. ಒಂದು ಚಮಚ ಬಾಯಿಗಿಟ್ಟುಕೊಂಡರು. ಈಗ ಪರವಾಗಿಲ್ಲ ಅಂತಾರೆ ಅಂತ ಕಾದೆ.

"ಬೆಲ್ಲ ಹಾಕಿಲ್ವಾ?" ಅಂದರು.

"ಅಷ್ಟು ಚಿಕ್ಕ ಮಕ್ಕಳಿಗೆ ಹಾಕಬಾರದಂತೆ. ನೀವು ಕೊಯ್ದಿಟ್ಟ ಪುಟದಲ್ಲಿದೆ."

ಚಮಚ ಬಟ್ಟಲಿಗೆ ಬಿತ್ತು. ಅವರು ಅತ್ತರು. ಅಷ್ಟು ಜೋರಾಗಿ ಗಂಡಸರು ಅಳೋದು ನಾನು ಅದುವರೆಗೂ ಕೇಳಿರಲಿಲ್ಲ. ನಮ್ಮತ್ತೆ ಹಿತ್ತಲಿನಿಂದ ಗಾಬರಿಯಾಗಿ ಓಡಿ ಬಂದು, "ಏನಾಯ್ತೇ?" ಅಂದರು. "ಏನಿಲ್ಲಮ್ಮ, ಬಿಸಿ ಇತ್ತು, ಬಾಯಿ ಸುಟ್ಕೊಂಡ್ರು" ಅಂದೆ. ನಮ್ಮತ್ತೆ ಬೆಳ್ಳಿ ಬಟ್ಟಲು ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೇ ವಾಪಸ್ ಹೋದರು.

ನನಗೆ ಆವತ್ತೂ ಅಳು ಬರಲಿಲ್ಲ. ನಮ್ಮನೆಯವರ ಪಕ್ಕ ಕೂತೆ. ಬಟ್ಟಲಲ್ಲಿ ಉಳಿದದ್ದನ್ನು ಅದೇ ಚಮಚದಲ್ಲಿ ನಾನು ತಿಂದೆ. ಸಪ್ಪೆ ಅಂತ ನಾಲಿಗೆಗೆ ಗೊತ್ತಾಯಿತು. ಸಪ್ಪೆ, ಆದರೆ ನುಣ್ಣಗಿತ್ತು. ಅವಳಿಗೆ ಹಿಡಿಸ್ತಿತ್ತು.

ಮಾರನೇ ದಿನ ತುಮಕೂರಿನ ಬಸ್ಸು ಹತ್ತಿದೆ. ಟ್ರಂಕಿನಲ್ಲಿ ಎರಡೇ ಸೀರೆ ಇತ್ತು. ಹಬ್ಬ ಮುಗಿಸಿಕೊಂಡು ನಾಲ್ಕನೇ ದಿನ ವಾಪಸ್ ಬಂದೆ.