ಪರ್ಕಳದ ಸೆಕೆಗೊಂದು ಎಂಜಿನ್ ಹೀಟರ್

ಸೆಕೆಗೆ ಬನಿಯನ್ ಕೂಡ ಭಾರವೆನಿಸುವ ನಮ್ಮ ಪರ್ಕಳದಲ್ಲಿ ಕಾರಿನ ಎಂಜಿನ್ ಬಿಸಿ ಮಾಡಲು ಹೀಟರ್ ಹಾಕಿಸಿಕೊಂಡ ಮನುಷ್ಯ ನಾನೊಬ್ಬನೇ ಇರಬೇಕು. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ, ಅದರಲ್ಲೂ ಉಷ್ಣದ ಪಾಠ ಮಾಡಿದವನು ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ನೀವು ನಗುವಾಗ ಅದು ನೆನಪಿರಲಿ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಆಗಷ್ಟೇ ನಿವೃತ್ತನಾಗಿದ್ದ ನಾನು ಎಲ್ಲರ ಮಾತು ಮೀರಿ ಒಂದು ಹೈಬ್ರಿಡ್ ಕಾರು ಕೊಂಡೆ. ಅದರಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿಯ ಮೋಟಾರೂ ಇದೆ ಎಂದು ವಿವರಿಸಿದರೆ ಕಾಪುವಿನ ಭಾವ, ಅಂದರೆ ನನ್ನ ಹೆಂಡತಿ ಸೆಲಿನಳ ಅಣ್ಣ, "ಎರಡು ಯಾಕೆ ಮಾರಾಯ, ಒಂದು ಸರಿ ಇಲ್ವಾ?" ಎಂದು ಕೇಳಿ ಇಡೀ ಮನೆಯನ್ನು ನಗಿಸಿದ. ಸೆಲಿನ್ ಮಾತ್ರ ನಗಲಿಲ್ಲ, ಏನೂ ಹೇಳಲೂ ಇಲ್ಲ. ಅವಳ ಆ ಮೌನವೇ ನನ್ನನ್ನು ಕೊರೆಯತೊಡಗಿತು. ಭಾವ ಏನಾದರೂ ಅಂದುಕೊಳ್ಳಲಿ, ನಾನು ಮಾಡಿದ್ದು ಹುಚ್ಚಲ್ಲವೆಂದು ಇವಳಿಗೆ ತೋರಿಸಿಕೊಡಲೇಬೇಕಿತ್ತು. ತೋರಿಸಲು ನನ್ನ ಬಳಿ ಇದ್ದದ್ದು ಮೈಲೇಜ್ ಒಂದೇ.

ಮೈಲೇಜೋ, ಬರಲೊಲ್ಲದು. ನಾನು ಓಡಿಸುವ ರೀತಿಯೇ ಅದಕ್ಕೆ ಕಾರಣವಿರಬಹುದೆಂದು ಹೊಳೆಯಲೂ ಇಲ್ಲ. ನಮ್ಮ ಕಡೆಯ ಖಾಸಗಿ ಬಸ್ಸುಗಳ ಓಟ ನೋಡಿದವರಿಗೆ ಗೊತ್ತು. ನನಗೆ ಆ ಬಸ್ಸುಗಳನ್ನೇ ಹಿಂದೆ ಹಾಕದಿದ್ದರೆ ಸಮಾಧಾನವಿರಲಿಲ್ಲ. ಕಾರ್ಕಳದಲ್ಲಿರುವ ತಂಗಿಯ ಮನೆಗೆ ಹೊರಟರೆ ಸೆಲಿನ್ ಗೇಟು ದಾಟುವ ಮೊದಲೇ ಪರ್ಸಿನಿಂದ ಜಪಸರ ತೆಗೆಯುತ್ತಿದ್ದಳು. ಎಂಥ ಭಕ್ತಿ ಇವಳದು ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಳ್ಳುತ್ತಿದ್ದೆ.

ಹೀಗಿರುವಾಗ ಇಂಟರ್ನೆಟ್ಟಿನಲ್ಲಿ ಒಂದು ಸಂಗತಿ ಓದಿದೆ. ಹೈಬ್ರಿಡ್ ಕಾರಿನ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಅಲ್ಲಲ್ಲಿ ತನ್ನಷ್ಟಕ್ಕೆ ನಿಂತು ಪೆಟ್ರೋಲ್ ಉಳಿಸುವುದಂತೆ. ನನ್ನಂತೆ ಮನೆಯಿಂದ ಮಣಿಪಾಲದ ಅಂಗಡಿಗೆ ಹೋಗಿಬರುವವರ ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆಯೇ ಬಂದಿರುತ್ತದೆ. ಆದ್ದರಿಂದ ಚಳಿದೇಶದವರು ಬೆಳಿಗ್ಗೆಯೇ ಎಂಜಿನಿಗೆ ಕರೆಂಟಿನ ಹೀಟರ್ ಹಾಕಿಟ್ಟು ಆಮೇಲೆ ಹೊರಡುತ್ತಾರೆ. ಯೋಚಿಸಿದರೆ ನಮ್ಮಲ್ಲೂ ಇದು ಹೊಸತಲ್ಲ. ಬಚ್ಚಲಿನ ಹಂಡೆಯಡಿ ತೆಂಗಿನ ಸಿಪ್ಪೆ ಉರಿಸಿ, ನೀರು ಕಾದು, ಮೈಗೆ ನಾಲ್ಕು ಚೆಂಬು ಬಿದ್ದ ಮೇಲೆಯೇ ಅಲ್ಲವೇ ನಮ್ಮ ಅಪ್ಪಂದಿರು ಮನುಷ್ಯರಂತೆ ಮಾತಾಡುತ್ತಿದ್ದದ್ದು? ಮೈಗೊಂದು ನ್ಯಾಯ, ಎಂಜಿನಿಗೊಂದು ನ್ಯಾಯ ಸಲ್ಲದು.

ಕಾರ್ಕಳದ ತಂಗಿಯ ಮಗಳು ನಾರ್ವೆಯಲ್ಲಿ ನರ್ಸ್. ರಜೆಗೆ ಬರುವಾಗ ಚಾಕಲೇಟಿನ ಜೊತೆ ಹೀಟರನ್ನೂ ತಂದುಕೊಟ್ಟು, "ಅಂಕಲ್, ಅಲ್ಲಿ ನಾವು ಹಿಮದಲ್ಲಿ ಸಾಯ್ತೇವೆ. ಇಲ್ಲಿ ನಿಮಗೆ ಎಂತಕ್ಕೆ ಇದು?" ಎಂದಳು. ಪರ್ಕಳದ ಮೆಕ್ಯಾನಿಕ್ ಸದಾಶಿವ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಸಾರ್, ಎಂಜಿನ್ ಬಿಸಿ ಆಗ್ತದೆ ಅಂತ ಜನ ನನ್ನ ಹತ್ರ ಬರುವುದು. ಬಿಸಿ ಆಗುವುದಿಲ್ಲ ಅಂತ ಬಂದವರು ನೀವೊಬ್ರೇ ಮಾರಾಯ್ರೆ." ಹಾಗೆಂದರೂ ಕೆಲಸ ಅಚ್ಚುಕಟ್ಟಾಗಿ ಮಾಡಿಕೊಟ್ಟ. ಎಲೆಕ್ಟ್ರಿಷಿಯನ್ ಬಂದು ನಮ್ಮ ಗೀಸರಿನ ಲೈನಿನಿಂದಲೇ ವಯರ್ ಎಳೆದು, ಶೆಡ್ಡಿನಲ್ಲಿ ಪ್ಲಗ್ಗನ್ನೂ ಬಚ್ಚಲಿನ ಹೊರಗೆ ಸ್ವಿಚ್ಚನ್ನೂ ಕೂರಿಸಿದ.

ಬೆಳಿಗ್ಗೆ ಆರಕ್ಕೆ ಸ್ವಿಚ್ ಹಾಕಿ ನಾನು ವಾಕಿಂಗ್ ಹೊರಡುವುದು, ಮುಕ್ಕಾಲು ಗಂಟೆಯಾದ ಮೇಲೆ ಸೆಲಿನ್ ಅದನ್ನು ಆರಿಸುವುದು ಎಂದು ಗೊತ್ತಾಯಿತು. ಬಂದು ಬಾನೆಟ್ ಎತ್ತಿ ಮುಟ್ಟಿದರೆ ಎಂಜಿನ್ ಬೆಚ್ಚಗಿರುತ್ತಿತ್ತು. ಏಪ್ರಿಲಿನಲ್ಲಿ ನಮ್ಮೂರಿನ ಬಾವಿಕಟ್ಟೆಯೂ ಬೆಚ್ಚಗಿರುತ್ತದೆ, ಆ ಮಾತು ಬೇರೆ. ಇಷ್ಟೆಲ್ಲ ಉಪಚಾರ ಮಾಡಿದ ಎಂಜಿನನ್ನು ಮತ್ತೆ ರಪರಪನೆ ಓಡಿಸಲು ಮನಸ್ಸಾದರೂ ಹೇಗೆ ಬರುತ್ತದೆ? ಆಕ್ಸಿಲರೇಟರಿನ ಮೇಲೆ ಮೊಟ್ಟೆ ಇದ್ದ ಹಾಗೆ ಕಾಲಿಟ್ಟೆ. ಬಸ್ಸುಗಳು ಹಾರ್ನ್ ಹೊಡೆದು ಮುಂದೆ ಹೋದವು. ಹೋಗಲಿ ಪಾಪ ಎಂದೆ. ಮೈಲೇಜ್ ಏರಿತು! ಮೀಟರ್ ತೋರಿಸಿದಾಗ ಸೆಲಿನ್ "ಹೌದಲ್ಲ!" ಎಂದು ನಕ್ಕಳು. ನಾನು ಒಂದು ತಿಂಗಳು ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಕಾಪುವಿನ ಅತ್ತಿಗೆಗೆ ಆಪರೇಷನ್ ಆಯಿತೆಂದು ಸೆಲಿನ್ ಒಂದು ವಾರ ಅಲ್ಲಿಗೆ ಹೋದಳು. ಮರುದಿನ ಬೆಳಿಗ್ಗೆ ಹೀಟರನ್ನು ಹಾಕಿದವನೂ ನಾನೇ, ಆರಿಸಿದವನೂ ನಾನೇ. ಎಂದಿನಂತೆ ಬಾನೆಟ್ ಎತ್ತಿ ಎಂಜಿನ್ ಮುಟ್ಟಿದೆ. ಚುರ್ರ್ ಎಂದಿತು! ಬೆರಳು ಬಾಯಲ್ಲಿಟ್ಟುಕೊಂಡೇ ಸದಾಶಿವನ ಗ್ಯಾರೇಜಿಗೆ ಓಡಿದೆ.

"ಸದಾಶಿವಾ, ಹೀಟರ್ ಹಾಳಾಗಿದೆ ಮಾರಾಯ! ಎಂಜಿನ್ ಬಿಸಿ ಆಗ್ತಾ ಉಂಟು!"

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಬಿಸಿ ಆಗ್ಲಿಕ್ಕೆ ಅಲ್ವಾ ಸಾರ್ ಅದನ್ನು ಹಾಕಿದ್ದು?"

ಮೂವತ್ತು ವರ್ಷದ ಉಷ್ಣದ ಪಾಠ ಅಲ್ಲೇ ಗ್ಯಾರೇಜಿನ ನೆಲದಲ್ಲಿ ಚೆಲ್ಲಿಹೋಯಿತು. ಅಂದರೆ ಇಷ್ಟು ದಿನ ಎಂಜಿನ್ ಬಿಸಿಯಾಗಿಯೇ ಇರಲಿಲ್ಲ! ಆ ವಾರವೆಲ್ಲ ಎಂಜಿನ್ ನಿಜವಾಗಿಯೇ ಬಿಸಿಯಾಯಿತು. ಆದರೂ ಮೈಲೇಜ್ ಹೆಚ್ಚುಕಡಿಮೆ ಹಿಂದಿನ ತಿಂಗಳಿನಷ್ಟೇ ಬಂತು.

ಶನಿವಾರ ಅವಳನ್ನು ಕರೆತರಲು ಕಾಪುವಿಗೆ ಹೋದೆ. ಕಾರು ಪೇಟೆ ದಾಟಿದ ಮೇಲೆ ಕೇಳಿದೆ. "ಆ ಸ್ವಿಚ್ ನೀನು ಎಷ್ಟು ಹೊತ್ತಿಗೆ ಆರಿಸ್ತಿದ್ದದ್ದು?"

"ನೀವು ಗೇಟು ಹಾಕಿದ ಕೂಡಲೇ," ಎಂದಳು ಕಿಟಕಿಯ ಹೊರಗೆ ನೋಡುತ್ತ. "ಅದೂ ಗೀಸರೂ ಒಟ್ಟಿಗೆ ಹಾಕಿದ್ರೆ ಫ್ಯೂಸ್ ಹೋಗ್ತದೆ. ನನ್ನ ಮೊಣಕಾಲಿಗೆ ಬಿಸಿನೀರು ಬೇಡ್ವಾ?"

"ಹೇಳಬಹುದಿತ್ತಲ್ಲ!"

"ಹೇಳಿದ್ರೆ ನೀವು ಹೀಟರ್ ತೆಗೆಸಿಬಿಡ್ತಿದ್ರಿ. ಮತ್ತೆ ಬಸ್ಸಿನ ಬೆನ್ನು ಹತ್ತುತ್ತಿದ್ರಿ. ಹೀಟರ್ ಬಂದ ಮೇಲೆ ನಾನು ಕಾರಲ್ಲಿ ಜಪಸರ ತೆಗೆದದ್ದು ನೋಡಿದ್ದೀರಾ?"

ನೋಡಿರಲಿಲ್ಲ. ಇಷ್ಟು ವರ್ಷ ನಾನು ಭಕ್ತಿ ಎಂದುಕೊಂಡದ್ದು ಹೆದರಿಕೆಯಾಗಿತ್ತು. ಸಂಕಟವಾಯಿತು, ನಾಚಿಕೆಯೂ ಆಯಿತು. ಸ್ವಲ್ಪ ದೂರ ಹೋದ ಮೇಲೆ, ಇಷ್ಟು ದಿನ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ಈ ಕಾರು ಕೊಂಡದ್ದು ಹುಚ್ಚು ಅಂತ ನಿನಗೆ ಅನ್ನಿಸ್ಲಿಲ್ವಾ?"

"ಅನ್ನಿಸಿತ್ತು. ಈಗ ಇಲ್ಲ."

ಮರುದಿನದಿಂದ ಆರು ಗಂಟೆಗೆ ಮೊದಲು ಗೀಸರಿನ ಸ್ವಿಚ್ ಹಾಕಬೇಕೆಂದು ಅಲ್ಲೇ ನಿಶ್ಚಯಿಸಿದೆ. ಅದನ್ನು ಅವಳಿಗೆ ಹೇಳುವಷ್ಟರಲ್ಲಿ ಉದ್ಯಾವರದ ಸೇತುವೆ ಬಂದಿತ್ತು, ಅವಳಿಗೆ ನಿದ್ದೆಯೂ ಬಂದಿತ್ತು. ಪರ್ಸಿನ ಜಿಪ್ ಹಾಕಿದ್ದು ಹಾಕಿದಂತೆಯೇ ಇತ್ತು.

ಮನೆ ತಲುಪಿದ ಮೇಲೆ ಮೀಟರ್ ನೋಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೋಡಿದೆ. ಅಷ್ಟು ಒಳ್ಳೆಯ ಮೈಲೇಜ್ ಹಿಂದೆಂದೂ ಬಂದಿರಲಿಲ್ಲ. ತೋರಿಸೋಣವೆಂದು ತಿರುಗಿದರೆ ಸೆಲಿನ್ ಇನ್ನೂ ನಿದ್ದೆಯಲ್ಲಿದ್ದಳು. ಎಬ್ಬಿಸಲು ಮನಸ್ಸಾಗದೆ, ಸದ್ದು ಮಾಡದೆ, ಆ ಶೆಡ್ಡಿನ ಸೆಕೆಯಲ್ಲಿ ಬಹಳ ಹೊತ್ತು ಅವಳ ಪಕ್ಕದಲ್ಲೇ ಕೂತಿದ್ದೆ.