ಉಣ್ಣುವ ಕೈ ಕಡೆಯ ಕಾಲು

ಆಗ ನನಗೆ ಏಳು ವರ್ಷ. ಅದಾಗಿ ಅರವತ್ತಾರು ವರ್ಷವಾಯಿತು. ಆ ಕಾಲಕ್ಕೆ ಮಂಡ್ಯದ ಕಡೆಯ ನಮ್ಮ ಮನೆಯಲ್ಲಿ ಬಲಗಡೆ ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ‘ಉಣ್ಣೋ ಕೈ ಕಡೆ’ ಅನ್ನುತ್ತಿದ್ದರು. ದಾರಿ ಹೇಳುವುದಕ್ಕೂ ಅದೇ, ಎತ್ತು ತಿರುಗಿಸುವುದಕ್ಕೂ ಅದೇ. ಈಗ ನಾನಿರುವ ಪರದೇಶದ ಊರು ಲೋವರ್ ಹಟ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಹುಡುಗಿ, “ಬಲ ಅಂದ್ರೆ ಶಕ್ತಿ ಆಂಟಿ, ಶಕ್ತಿ ಜಾಸ್ತಿ ಇರೋ ಕೈಗೆ ಬಲಗೈ ಅಂತ ಹೆಸರು ಬಂತು” ಅಂದಳು. ಇರಬಹುದು. ನಮಗೆ ಅದು ಮುದ್ದೆ ಮುರಿಯುವ ಕೈ. ಮೊಮ್ಮಗಳಿಗೆ ಹಾಗೆ ಹೇಳಿದರೆ ಫೋರ್ಕು, ಚಾಕು ಎರಡನ್ನೂ ಎತ್ತಿ ತೋರಿಸಿ, “ಐ ಈಟ್ ವಿತ್ ಬೋತ್, ಅಜ್ಜಿ” ಅಂದಳು.

ಆ ಸುಗ್ಗಿಯಲ್ಲಿ ಚಿಕ್ಕಪ್ಪನ ಮದುವೆಯಾಯಿತು. ಹೊಸ ಚಿಕ್ಕವ್ವ ಬಂದು ಹೊಸಿಲ ಹೊರಗೆ ನಿಂತಳು. ಹದಿನಾರು ವರ್ಷವಿರಬೇಕು. ಮೈಯೆಲ್ಲ ಹೊಸ ಸೀರೆಯ ಗಂಜಿ ವಾಸನೆ, ಅರಿಸಿನದ ವಾಸನೆ. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು.

“ಉಣ್ಣೋ ಕೈ ಕಡೆ ಕಾಲಲ್ಲಿ ಒದ್ಬುಟ್ಟು ಬಾ” ಎಂದು ಅಜ್ಜಿ ಒಳಗಿಂದ ಕೂಗಿದಳು.

ಚಿಕ್ಕವ್ವ ಗಾಬರಿಯಲ್ಲಿ ತನ್ನ ಎರಡೂ ಕಾಲು ನೋಡಿಕೊಂಡಳು. ನಾನು ಒಳಗೆ, ಅವಳಿಗೆ ಎದುರಾಗಿ ನಿಂತಿದ್ದೆ. “ಯಾವ್ದೆ ಮಗಾ?” ಎಂದು ಪಿಸುಗುಟ್ಟಿದಳು. ನನ್ನ ಉಣ್ಣುವ ಕೈ ನೋಡಿಕೊಂಡು, ಅದರ ನೇರಕ್ಕಿದ್ದ ಅವಳ ಕಾಲನ್ನು ತೋರಿಸಿದೆ. ಎದುರು ನಿಂತವರ ಕೈಕಾಲು ಅದಲುಬದಲು ಎಂಬುದು ನನಗೆಲ್ಲಿ ಗೊತ್ತು? ಅವಳು ಎಡಗಾಲಲ್ಲಿ ಸೇರು ಒದ್ದಳು. ಅಜ್ಜಿಯ ಮುಖ ಕಪ್ಪಿಟ್ಟಿತು.

ಆಮೇಲೆ ದಿನಾ ಮಧ್ಯಾಹ್ನ ನಾನೂ ಚಿಕ್ಕವ್ವನೂ ಅಳಗುಳಿಮಣೆ ಆಡುತ್ತಿದ್ದೆವು. “ಕಳ್ಳಿ! ಮತ್ತೆ ಹುಣ್ಸೆಬೀಜ ಬಚ್ಚಿಟ್ಕಂಡಿದ್ದೀಯ, ತೆಗಿ” ಎಂದು ನನ್ನ ಕಿವಿ ಹಿಂಡುವಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಹುರಿಗಡಲೆ ಕೊಡುವಳು.

ಮೂರು ತಿಂಗಳಿಗೆ ಜೋಡೆತ್ತಿನಲ್ಲಿ ಒಂದು ಸತ್ತಿತು. ಹಿಂದೆಯೇ ಚಿಕ್ಕಪ್ಪ ಕಾಮಾಲೆಯಾಗಿ ಮಲಗಿದ.

“ಎಡಗಾಲಲ್ಲಿ ಬಂದೋಳು. ನನ್ ಮಗನ್ನ ತಿನ್ಕೊಳೋಕ್ ಮುಂಚೆ ನಡೀಲಿ ತವರಿಗೆ” ಅಂದಳು ಅಜ್ಜಿ. “ಯಾರೇ ಹೇಳ್ಕೊಟ್ರು ನಿಂಗೆ, ಆ ಕಾಲಿಡು ಅಂತ?”

ಚಿಕ್ಕವ್ವ ನನ್ನನ್ನು ನೋಡಿದಳು. ನಾನು ಕಂಬದ ಹಿಂದಕ್ಕೆ ಸರಿದೆ.

“ಯಾರೂ ಇಲ್ಲ ಅತ್ತೆ. ನಾನೇ ಇಟ್ಟೆ.”

ಅವಳಪ್ಪ ಬಂದು ಕರೆದುಕೊಂಡು ಹೋದ. ಚಿಕ್ಕಪ್ಪ ವಾಸಿಯಾದ, ಇನ್ನೊಂದು ಮದುವೆಯೂ ಆದ. ಅವಳು ತವರಲ್ಲೇ ಸತ್ತಳಂತೆ.

ಈಗ ‘ಉಣ್ಣೋ ಕೈ ಕಡೆ’ ಅನ್ನುವವರೇ ಇಲ್ಲ. ಇಲ್ಲಿ ಕಾರಿನೊಳಗೆ ದಾರಿ ಹೇಳುವ ಫೋನಿನ ಹೆಂಗಸು ರೈಟ್ ಅಂದಾಗಲೆಲ್ಲ ನಾನು ಮಾತ್ರ ಉಣ್ಣುವ ಕೈ ನೋಡಿಕೊಳ್ಳುತ್ತೇನೆ. ನಾನು ನಿಜ ಹೇಳಬೇಕಾಗಿದ್ದ ಅಜ್ಜಿ ಇಲ್ಲ. ಅದನ್ನು ಕೇಳಬೇಕಾಗಿದ್ದ ಚಿಕ್ಕವ್ವ ಇಲ್ಲ. ಆ ದಿನ ಬಾಯಿ ಬಿಟ್ಟಿದ್ದರೆ ಬೆನ್ನಿಗೆ ನಾಲ್ಕು ಏಟು ಬೀಳುತ್ತಿತ್ತು, ಅಷ್ಟೇ.

ಅವಳು ಹೋದ ಮಾರನೆಯ ಬೆಳಿಗ್ಗೆ ಹೊಸಿಲು ತೊಳೆಯುವ ಅವಳ ಕೆಲಸ ನನ್ನ ಪಾಲಿಗೆ ಬಂತು. ತೊಳೆದೆ. ಅಜ್ಜಿ “ಜಾಣೆ” ಅಂದು ಒಂದು ಅಚ್ಚು ಬೆಲ್ಲ ಕೊಟ್ಟಳು. ಉಣ್ಣುವ ಕೈ ಚಾಚಿ ಇಸಿದುಕೊಂಡು ತಿಂದೆ.